ಫಾರ್ಮ್ಯಾಟ್ ಹೊಡೆದುಬಿಡೋಣ ಅಂಕಲ್!

ಈ ಮಾತು ಕೇಳಿದರೆ ನನಗೆ ಈಗಲೂ ಮೈ ಉರಿಯುತ್ತದೆ. ಫಾರ್ಮ್ಯಾಟ್ ಅಂದರೆ ಡಿಸ್ಕಿನಲ್ಲಿ ವಿಂಡೋಸ್ ಇರುವ ಭಾಗವನ್ನು, ಅಂದರೆ ಸಿ ಡ್ರೈವನ್ನು, ಪೂರ್ತಿ ಅಳಿಸಿ ವಿಂಡೋಸ್ ಹೊಸದಾಗಿ ಹಾಕುವುದು. ಪಕ್ಕದ ಮನೆ ಮೇಷ್ಟ್ರ ಕಂಪ್ಯೂಟರ್ ಹತ್ತು ನಿಮಿಷ ಓಡುತ್ತದೆ, ಆಮೇಲೆ ಪಟ್ ಅಂತ ಆಫ್. ನಿನ್ನೆ ಅಂಗಡಿಯಿಂದ ಹುಡುಗ ಬಂದ. ಕ್ಯಾಬಿನೆಟ್ ಬಿಚ್ಚಲಿಲ್ಲ, ಒಂದು ಪ್ರಶ್ನೆ ಕೇಳಲಿಲ್ಲ. "ವಿಂಡೋಸ್ ಕರಪ್ಟ್ ಆಗಿದೆ ಅಂಕಲ್, ಫಾರ್ಮ್ಯಾಟ್ ಹೊಡೆದುಬಿಡೋಣ" ಅಂತ ಜೇಬಿನಿಂದ ಪೆನ್‌ಡ್ರೈವ್ ತೆಗೆದ.

ಮೇಷ್ಟ್ರು ವರ್ಷಗಟ್ಟಲೆ ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಟೈಪ್ ಮಾಡಿದ ಬರಹವೆಲ್ಲ ಇರುವುದು ಡೆಸ್ಕ್‌ಟಾಪ್ ಮೇಲೆ. ಡೆಸ್ಕ್‌ಟಾಪ್ ಅಂದರೆ ಅಳಿಸಿಹೋಗುವ ಅದೇ ಸಿ ಡ್ರೈವ್ ಅಂತ ಪಾಪ ಅವರಿಗೇನು ಗೊತ್ತು? ಹುಡುಗನಿಗಂತೂ ಗೊತ್ತಿರಬೇಕಲ್ವಾ?

"ಬ್ಲೂ ಸ್ಕ್ರೀನ್ ಬರುತ್ತಾ, ಇಲ್ಲಾ ಸೀದಾ ಆಫ್ ಆಗುತ್ತಾ?" ಅಂತ ಕೇಳಿದೆ. ಇವನ್ಯಾವನಪ್ಪ ಅನ್ನೋ ಹಾಗೆ ನೋಡಿದ. ಅರ್ಧ ಉತ್ತರ ಇರುವುದೇ ಅಲ್ಲಿ. ನೀಲಿ ಪರದೆ ಬಂದು ಒಂದು ಕೋಡ್ ತೋರಿಸಿದರೆ ಡ್ರೈವರ್, ರ‍್ಯಾಮ್, ಡಿಸ್ಕ್ ಕಡೆ ನೋಡಬೇಕು. ಏನೂ ಹೇಳದೆ ಸೀದಾ ಆಫ್ ಆದರೆ ಮೊದಲ ಅನುಮಾನ ಬಿಸಿಯ ಮೇಲೆ, ಇಲ್ಲವೇ ಎಸ್‌ಎಂಪಿಎಸ್ (ಒಳಗಿನ ಭಾಗಗಳಿಗೆ ಕರೆಂಟ್ ಕೊಡುವ ಡಬ್ಬ) ಮೇಲೆ. ವಿಂಡೋಸ್‌ನ ಆಗುಹೋಗುಗಳ ದಾಖಲೆ ತೋರಿಸುವ ಈವೆಂಟ್ ವ್ಯೂವರ್ ತೆಗೆದರೆ ಕರ್ನಲ್ ಪವರ್ 41 ಅಂತ ಕೆಂಪು ಗುರುತಿನ ಜೊತೆ ಇರುತ್ತದೆ. ಅದನ್ನು ನೋಡಿ ಎಸ್‌ಎಂಪಿಎಸ್ ಬದಲಾಯಿಸುವ ಮಹಾನುಭಾವರೂ ಇದ್ದಾರೆ! ಅದು ಹೇಳುವುದು ಇಷ್ಟೇ: ಸರಿಯಾಗಿ ಶಟ್‌ಡೌನ್ ಆಗದೆ ಮಷಿನ್ ನಿಂತಿತ್ತು. ಯಾಕೆ ಅಂತ ಹೇಳುವುದಿಲ್ಲ.

ಮಷಿನ್ ಆನ್ ಮಾಡಿ ಬಯಾಸ್‌ಗೆ ಹೋಗಿ ಸುಮ್ನೆ ಕೂತೆವು. ಬಯಾಸ್ ಅಂದರೆ ಮದರ್‌ಬೋರ್ಡಿನಲ್ಲೇ ಇರುವ ಸೆಟ್ಟಿಂಗ್ ಪರದೆ, ಅಲ್ಲಿ ವಿಂಡೋಸ್ ಇನ್ನೂ ಶುರುವೇ ಆಗಿರುವುದಿಲ್ಲ. ಸಿಪಿಯು ಬಿಸಿ 70, 80, 90 ಅಂತ ಏರುತ್ತಲೇ ಹೋಯ್ತು, 100 ಡಿಗ್ರಿ ಸೆಲ್ಸಿಯಸ್ ಹತ್ತಿರ ಬಂದಾಗ ಆಫ್. ಈಗ ಹೇಳಪ್ಪಾ, ವಿಂಡೋಸ್ ಏನು ಮಾಡಿತ್ತು?

ಬಿಚ್ಚಿ ನೋಡಿದರೆ, ಸಿಪಿಯು ಬಿಸಿಯನ್ನು ಹೊರಹಾಕುವ ಹೀಟ್‌ಸಿಂಕ್‌ನ ನಾಲ್ಕು ಪ್ಲಾಸ್ಟಿಕ್ ಪಿನ್‌ಗಳಲ್ಲಿ ಒಂದು ಮೇಲೆದ್ದಿತ್ತು. ಧೂಳಂತೂ ಕೇಳಬೇಡಿ. ಸಿಪಿಯುನಿಂದ ಹೀಟ್‌ಸಿಂಕ್‌ಗೆ ಬಿಸಿ ದಾಟಿಸುವ ಹಳೇ ಪೇಸ್ಟ್ ಒರೆಸಿ, ಹೊಸದು ಹಚ್ಚಿ, ಪಿನ್ ಕೂರಿಸಿದೆ. ಈಗ ಓಡುತ್ತಿದೆ.

"ಸಾರ್, ವಿಸಿಟ್‌ಗೆ ಅವರಿಗೆ ಸಿಗೋದೇ ನಾಲ್ಕು ಕಾಸು, ಪತ್ತೇದಾರಿ ಮಾಡ್ತಾ ಕೂತ್ಕೊಳ್ಳೋಕಾಗುತ್ತಾ?" ಅಂತ ಕೆಲವರು ಬರುತ್ತೀರಿ, ಗೊತ್ತು. ಸ್ವಾಮಿ, ಫಾರ್ಮ್ಯಾಟ್ ಮಾಡಿ, ಡ್ರೈವರ್ ಹಾಕಿ, ಆಫೀಸ್ ಹಾಕಿ, ಪ್ರಿಂಟರ್ ಸೇರಿಸಲು ಎರಡು ಗಂಟೆ ಇದೆಯಂತೆ, ಎರಡು ಸ್ಕ್ರೂ ಬಿಚ್ಚೋಕೆ ಟೈಮ್ ಇಲ್ವಂತೆ! ನಾಡಿ ಹಿಡಿಯದೆ ಆಪರೇಷನ್‌ಗೆ ಚಾಕು ತೆಗೆಯುವ ಡಾಕ್ಟರನ್ನು ಯಾರಾದರೂ ಒಪ್ಪುತ್ತಾರಾ?

ಇನ್ನೂ ಕೆಟ್ಟದ್ದು ಏನು ಗೊತ್ತಾ? ಫಾರ್ಮ್ಯಾಟ್ ಮಾಡಿದರೆ ಸಾಕ್ಷಿಯೇ ಹೋಗುತ್ತದೆ. ಬ್ಲೂ ಸ್ಕ್ರೀನ್ ಬಂದಾಗ ವಿಂಡೋಸ್ ಸಾಮಾನ್ಯವಾಗಿ ಮಿನಿಡಂಪ್ ಫೋಲ್ಡರಿನಲ್ಲಿ ಏನಾಯ್ತು ಅಂತ ಸುಳಿವು ಕೊಡುವ ಒಂದು ಫೈಲ್ ಬಿಟ್ಟಿರುತ್ತದೆ. ರಿಲಯಬಿಲಿಟಿ ಹಿಸ್ಟರಿಯಲ್ಲಿ ಯಾವ ದಿನ ಏನು ಇನ್‌ಸ್ಟಾಲ್ ಆಯ್ತು, ಯಾವ ದಿನ ಕ್ರ್ಯಾಶ್ ಆಯ್ತು ಅಂತ ಕ್ಯಾಲೆಂಡರ್ ಥರ ಇರುತ್ತದೆ. ಎಲ್ಲಾ ಗುಡಿಸಿ ಹಾಕಿ ದುಡ್ಡು ತಗೊಂಡು ಹೋಗುತ್ತಾರೆ. ಕಸವೆಲ್ಲ ಹೋಗಿರುವುದರಿಂದ ಕೆಲವು ಮಷಿನ್ ಹಗುರಾಗಿ ಒಂದಷ್ಟು ದಿನ ಚೆನ್ನಾಗಿ ಓಡಲೂಬಹುದು. ಮತ್ತೆ ಆಫ್. ಮತ್ತೆ ಫೋನ್, ಮತ್ತೆ ವಿಸಿಟ್ ಚಾರ್ಜ್.

ನಾನೂ ಕಂಪ್ಯೂಟರ್ ಸರ್ವೀಸ್ ಲೈನಿನಲ್ಲಿ ಬಹಳ ಕಾಲ ಮಣ್ಣು ಹೊತ್ತವನೇ. ನಿಜ ಹೇಳ್ತೀನಿ, ಈ ಸಿಟ್ಟಿನಲ್ಲಿ ಒಂದಿಷ್ಟು ಹೊಟ್ಟೆಕಿಚ್ಚೂ ಇದೆ. ನಾನು ರ‍್ಯಾಮ್ ಟೆಸ್ಟ್ ಹಾಕಿ ಗಂಟೆಗಟ್ಟಲೆ ಕಾದರೆ "ಇವನಿಗೆ ಕೆಲಸ ಬರಲ್ಲ" ಅನ್ನುತ್ತಿದ್ದರು. ಫಾರ್ಮ್ಯಾಟ್ ಹೊಡೆಯುವವನಿಗೆ ಕಾಫಿ, ಬಿಸ್ಕತ್ತು!

ಯಾರಾದರೂ ಪೆನ್‌ಡ್ರೈವ್ ಹಿಡಿದು ಮನೆಗೆ ಬಂದರೆ ದಯವಿಟ್ಟು ಮೊದಲು ಫೋಟೋ, ಫೈಲುಗಳನ್ನೆಲ್ಲ ಹೊರಗಿನ ಡಿಸ್ಕಿಗೆ ಹಾಕಿಸಿ. ಆಮೇಲೆ ಕ್ಯಾಬಿನೆಟ್ ಬಿಚ್ಚಲು ಹೇಳಿ. ಬಿಚ್ಚಲ್ಲ ಅಂದರೆ ಬಾಗಿಲು ತೋರಿಸಿ.