ಹೊಸ ಪಿಸಿಗೆ ಹಳೇ ಎಎಂ4 (ಎಎಂಡಿ ಪ್ರಾಸೆಸರ್ ಕೂರೋ ಸಾಕೆಟ್) ಸಾಕಾ? ಭಾವ ಸಾಕು ಅಂತಾರೆ, ಭಾಮೈದ ಬೇಡ ಅಂತಾನೆ

ಪರ: ಸಾಕು ಕಣ್ರೀ, ಉಳಿದ ದುಡ್ಡಿಗೆ ಬೇರೆ ಕೆಲ್ಸ ಇದೆ (ಭಾವ)

ನಮ್ಮನೇಲಿರೋದು 2017ರಲ್ಲಿ ಎಸ್‌ಪಿ ರೋಡಲ್ಲಿ ಅಸೆಂಬಲ್ ಮಾಡ್ಸಿದ್ದ ಏಳನೇ ಜನರೇಶನ್ ಇಂಟೆಲ್ ಐ3 ಪ್ರಾಸೆಸರಿನ ಕಂಪ್ಯೂಟರು, ಪಾಪ ಇಷ್ಟು ವರ್ಷ ದುಡೀತು. ಆದ್ರೆ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಪೋರ್ಟ್ ನಿಂತೋಯ್ತು, ವಿಂಡೋಸ್ 11 ಈ ಐ3ನ ಬಾಗ್ಲಿಂದ ಒಳಗೇ ಬಿಟ್ಕೊಳ್ತಿಲ್ಲ. ಹಂಗಾಗಿ ಹೊಸದು ತಗೋಳ್ಲೇಬೇಕು. ಮಗಳು ಇಂಜಿನಿಯರಿಂಗ್ ಸೇರಿದ್ದಾಳೆ, ಹಗಲು ಕೋಡಿಂಗು, ರಾತ್ರಿ ವ್ಯಾಲರಂಟ್ ಗೇಮು. ಮನೆಯವಳು ಟ್ಯಾಲಿಯಲ್ಲಿ ನಾಲ್ಕು ಅಂಗಡಿ ಲೆಕ್ಕ ಬರೀತಾಳೆ. ಇಷ್ಟೇ ನಮ್ಮ ಕೆಲಸ, ನಾವೇನು ಸಿನಿಮಾ ಗ್ರಾಫಿಕ್ಸ್ ಮಾಡ್ತಾ ಕೂತಿಲ್ಲ.

ನನ್ನ ಲೆಕ್ಕ ಸೀದಾ ಇದೆ. ಎಎಂ4ದ ರೈಜನ್ 5 5600 ಪ್ರಾಸೆಸರ್ರು, ಅದಕ್ಕೆ ಒಂದು ಬಿ550 ಮದರ್‌ಬೋರ್ಡು. ಆರು ಕೋರು, ಹನ್ನೆರಡು ಥ್ರೆಡ್ಡು, 65 ವ್ಯಾಟು, ಕೂಲರ್ ಡಬ್ಬದಲ್ಲೇ ಬರತ್ತೆ. 2022ರ ಮಾಡೆಲ್ಲು ಅಂತ ಮೂಗು ಮುರಿಯೋರು ಇದ್ದಾರೆ, ಮುರೀಲಿ, ಅದು ಯಾವ ವರ್ಷದ್ದು ಅಂತ ಟ್ಯಾಲಿಗೆ ಗೊತ್ತಾಗಲ್ಲ. ಹಳೇ 1050 ಟಿಐ ಗ್ರಾಫಿಕ್ಸ್ ಕಾರ್ಡು ಇನ್ನೂ ಓಡ್ತಿದೆ, ವ್ಯಾಲರಂಟ್‌ಗೆ ಅದೇ ಸಾಕು.

ಎಲ್ಲಕ್ಕಿಂತ ದೊಡ್ಡ ವಿಷ್ಯ ರ‍್ಯಾಮು. ಎಎಂಡಿಯ ಹೊಸ ಸಾಕೆಟ್ ಎಎಂ5ಗೆ ಹೋದ್ರೆ ಹೊಸ ತಲೆಮಾರಿನ ಡಿಡಿಆರ್5 ಬಿಟ್ಟು ಬೇರೆ ದಾರಿನೇ ಇಲ್ಲ, ಹಳೇ ಡಿಡಿಆರ್4 ಅದ್ರ ಸ್ಲಾಟಲ್ಲಿ ಕೂರೋದೇ ಇಲ್ಲ. 2025ರ ಕೊನೆಯಿಂದ ರ‍್ಯಾಮ್ ರೇಟು ಎಲ್ಲಿಗೆ ಹೋಗಿದೆ ನೋಡಿದೀರಲ್ಲ, ಎಐ ಡೇಟಾ ಸೆಂಟರ್‌ನೋರು ಎಲ್ಲ ಬಾಚ್ಕೊಂಡು ಹೋಗ್ತಿದಾರೆ, ಮೈಕ್ರಾನ್‌ನೋರಂತೂ ಆ ಡಿಸೆಂಬರಲ್ಲಿ ನಮ್ಮಂಥೋರಿಗೆ ಮಾರ್ತಿದ್ದ ಕ್ರೂಶಿಯಲ್ ವ್ಯಾಪಾರಾನೇ ಮುಚ್ತೀವಿ ಅಂದ್ಬಿಟ್ರು. ಇಂಥಾ ಟೈಮಲ್ಲಿ ಮನೇಲೇ ಎರಡು 8 ಜಿಬಿ ಡಿಡಿಆರ್4 ಸ್ಟಿಕ್ ಇಟ್ಕೊಂಡು, ಅದನ್ನ ಡ್ರಾಯರಿಗೆ ಹಾಕಿ, ಪೇಟೆಗೆ ಹೋಗಿ ಹೊಸದಕ್ಕೆ ದುಡ್ಡು ಸುರೀಬೇಕಾ?

ಉಳಿದ ದುಡ್ಡು ಎಲ್ಲಿಗೆ ಅಂತ ಕೇಳಿ. ಎಸ್‌ಎಂಪಿಎಸ್‌ಗೆ. ಅದೇ, ಕಂಪ್ಯೂಟರ್ ಒಳಗೆ ಎಲ್ಲಕ್ಕೂ ಕರೆಂಟ್ ಹಂಚೋ ಡಬ್ಬ. ಇದನ್ನ ನಾನು ಅನುಭವಿಸಿ ಹೇಳ್ತಿರೋದು. ಹೋದ್ಸಲ ಅಂಗಡಿಯವ್ನು ಕ್ಯಾಬಿನೆಟ್ ಜೊತೆ ಒಂದು ಎಸ್‌ಎಂಪಿಎಸ್ ಫ್ರೀ ಕೊಟ್ಟಿದ್ದ, ನಾನೂ ಖುಷಿಯಾಗಿ ತಂದೆ, ಕೈಯಲ್ಲಿ ಹಿಡಿದ್ರೆ ಖಾಲಿ ಡಬ್ಬದಷ್ಟು ಹಗುರ. ಎರಡು ವರ್ಷ ಆದ್ಮೇಲೆ ಒಂದಿನ ಮಳೇಲಿ ಕರೆಂಟು ಹೋಗಿ ಬಂತು, ಟಪ್ ಅಂತು, ಸುಟ್ಟ ವಾಸ್ನೆ. ಬಿಚ್ಚಿ ನೋಡಿದ್ರೆ ಕೆಪಾಸಿಟರ್ ತಲೆ ಉಬ್ಬಿ ಕಂದು ಬಣ್ಣದ ಅಂಟು ಸೋರಿತ್ತು. ಅದು ಸುಮ್ನೆ ಹೋಗ್ಲಿಲ್ಲ, ಹಾರ್ಡ್ ಡಿಸ್ಕನ್ನೂ ಜೊತೆಗೆ ಕರ್ಕೊಂಡು ಹೋಯ್ತು, ಮಗಳ ನಾಮಕರಣದಿಂದ ಹಿಡಿದು ಅಷ್ಟೂ ಫೋಟೋ ಅದ್ರಲ್ಲೇ ಇತ್ತು. ಅವತ್ತಿಂದ ಮನೆಯವಳು ಕಂಪ್ಯೂಟರ್ ವಿಷ್ಯಕ್ಕೆ ನನ್ನ ಮಾತು ನಂಬೋದು ಬಿಟ್ಟಿದ್ದಾಳೆ. ಹಂಗಾಗಿ ಈ ಸಲ ಒಳ್ಳೇ ಕಂಪನಿದು 550 ವ್ಯಾಟಿನ ಎಸ್‌ಎಂಪಿಎಸ್ಸು, ಒಂದು ಯುಪಿಎಸ್ಸು. ಯುಪಿಎಸ್ ಡಬ್ಬದ ಮೇಲೆ 600 ವಿಎ ಅಂತ ದೊಡ್ಡಕ್ಷರದಲ್ಲಿ ಬರ್ದಿರ್ತಾರೆ, ಕೆಳಗೆ ಸಣ್ಣಕ್ಷರದಲ್ಲಿ 360 ವ್ಯಾಟು, ಓದ್ಬೇಕಾಗಿರೋದು ಆ ಸಣ್ಣಕ್ಷರ. ಹೊಸ ಸಾಕೆಟ್ಟಿಗೆ ಅಂತ ದುಡ್ಡೆಲ್ಲ ಬೋರ್ಡು ರ‍್ಯಾಮಿಗೆ ಸುರಿದ್ರೆ ಕೊನೆಗೆ ಕತ್ರಿ ಬೀಳೋದು ಇವೆರಡಕ್ಕೇನೇ, ನೋಡಿ ಬೇಕಾದ್ರೆ.

ವಿರೋಧ: ಡಿಪೋಗೆ ಹೋಗೋ ಬಸ್ಸು ಹತ್ಬೇಡಿ ಭಾವ (ಭಾಮೈದ)

ಎಸ್‌ಎಂಪಿಎಸ್ ವಿಷ್ಯದಲ್ಲಿ ಭಾವ ಹೇಳಿದ್ದಕ್ಕೆ ನಂದು ಒಂದಕ್ಷರ ತಕರಾರಿಲ್ಲ. ಉಳಿದಿದ್ದಕ್ಕೆಲ್ಲ ಇದೆ.

ಮೊದ್ಲು ಆ ಪುಕ್ಸಟ್ಟೆ ರ‍್ಯಾಮ್ ಕಥೆ. ಅದು ಆ ಐ3 ಜೊತೆ ಬಂದಿದ್ದ 2400ರ ಸ್ಪೀಡಿನ ರ‍್ಯಾಮು. ರೈಜನ್ ಒಳಗೆ ಕೋರ್‌ಗಳಿಗೂ ಮೆಮೊರಿಗೂ ನಡುವೆ ಇರೋ ದಾರಿ ರ‍್ಯಾಮ್ ಸ್ಪೀಡಿಗೆ ತಕ್ಕಂಗೆ ಓಡತ್ತೆ, ರ‍್ಯಾಮ್ ನಿಧಾನ ಆದ್ರೆ ಅದೂ ನಿಧಾನ, 5600ಗೆ ಅದಕ್ಕೇ ಎಲ್ರೂ 3200, 3600ರ ಸ್ಟಿಕ್ ಹಾಕೋದು. ಅಂದ್ರೆ ಭಾವ ಹೊಸ ಪ್ರಾಸೆಸರ್ ತಂದು ಅದ್ರ ಕಾಲಿಗೆ ಹಗ್ಗ ಕಟ್ತಿದಾರೆ. ಸರಿ, 3200ರದ್ದೇ ಹೊಸದು ತರೋಣ ಅಂದ್ರೆ ಡಿಡಿಆರ್4 ರೇಟೂ ಏರಿ ಕೂತಿದೆ, ಕಂಪನಿಗಳೇ ಅದನ್ನ ಮಾಡೋದು ಕಮ್ಮಿ ಮಾಡ್ತಿವೆ. ಹೋಗ್ತಿರೋ ಸಾಮಾನಿಗೆ ಹೊಸ ಸಾಮಾನಿನ ರೇಟು.

ಎರಡ್ನೇದು, ಎಎಂ4 ಒಳ್ಳೇದು ಅನ್ನೋರೆಲ್ಲ ಹೇಳೋ ಕಾರಣಾನೇ ಎಎಂ5 ತಗೊಳ್ಳೋಕೂ ಕಾರಣ. ನಾನು 2018ರಲ್ಲಿ ರೈಜನ್ 2600, ಬಿ450 ಬೋರ್ಡು ತಗೊಂಡೆ. ನಾಲ್ಕು ವರ್ಷ ಬಿಟ್ಟು ಅದೇ ಬೋರ್ಡಲ್ಲಿ 5600 ಕೂರಿಸ್ದೆ, ಬೋರ್ಡು ರ‍್ಯಾಮು ಏನೂ ಬದಲಾಯಿಸ್ಲಿಲ್ಲ, ಹಳೇ ಪ್ರಾಸೆಸರ್ ಕೂತಿದ್ದಾಗ್ಲೇ ಪೆನ್ ಡ್ರೈವಲ್ಲಿ ಬಯಾಸ್ (ಬೋರ್ಡನ್ನ ಎಬ್ಬಿಸೋ ಸಾಫ್ಟ್‌ವೇರ್) ಅಪ್‌ಡೇಟ್ ಮಾಡ್ಕೊಂಡೆ ಅಷ್ಟೇ. 2017ರ ಬಿ350 ಬೋರ್ಡಲ್ಲಿ 5800ಎಕ್ಸ್3ಡಿ ಹಾಕ್ಕೊಂಡೋರೂ ಇದಾರೆ. ಆ ಲಾಭ ಸಿಕ್ಕಿದ್ದು ಬಸ್ಸು ಹೊರಡೋವಾಗ ಹತ್ತಿದೋರಿಗೆ. ಈಗ ಹತ್ತಿದ್ರೆ ಮುಂದಿನ ಸ್ಟಾಪೇ ಡಿಪೋ. 2022ರಲ್ಲಿ ಬಂದ ಎಎಂ5 ಬೋರ್ಡಿಗೆ 2024ರ 9800ಎಕ್ಸ್3ಡಿ ಆಗ್ಲೇ ಕೂರ್ತಿದೆ, 2027ರ ತನಕ, ಅದಾದ್ಮೇಲೂ ಈ ಸಾಕೆಟ್ ಇರತ್ತೆ ಅಂತ ಎಎಂಡಿಯವರೇ ಹೇಳಿದಾರೆ. ಅಕ್ಕನ ಮಗಳು ಓದು ಮುಗಿಸಿ ಕೆಲಸಕ್ಕೆ ಸೇರೋ ಹೊತ್ತಿಗೆ ಪ್ರಾಸೆಸರ್ ಒಂದನ್ನ ಬದಲಾಯಿಸಿದ್ರೆ ಸಾಕು.

ಅಂದಂಗೆ ಆ 2600 ತೆಗೀವಾಗ ಒಂದು ಅನಾಹುತ ಆಯ್ತು. ಎಎಂ4ದಲ್ಲಿ ಪಿನ್ನುಗಳು ಪ್ರಾಸೆಸರ್‌ನ ಹೊಟ್ಟೆ ಕೆಳಗಿರತ್ತೆ, 1331. ನಾಲ್ಕು ವರ್ಷದ ಥರ್ಮಲ್ ಪೇಸ್ಟು ಒಣಗಿ ಸಿಮೆಂಟ್ ಆಗಿತ್ತು, ಕೂಲರ್ ಮೇಲೆತ್ತಿದೆ, ಲಿವರ್ ಲಾಕ್ ಆಗಿದ್ರೂ ಪ್ರಾಸೆಸರ್ರೂ ಅದಕ್ಕೆ ಅಂಟ್ಕೊಂಡೇ ಸಾಕೆಟ್ಟಿಂದ ಕಿತ್ಕೊಂಡು ಬಂತು. ಮೂಲೇಲಿ ಐದಾರು ಪಿನ್ನು ಗಾಳಿಗೆ ಬಾಗಿದ ರಾಗಿ ಪೈರಿನ ಥರ ವಾಲಿತ್ತು. ಮೈಯೆಲ್ಲ ಬೆವರು. ಬ್ಲೇಡು ತಗೊಂಡು, ಟಾರ್ಚ್ ಹಿಡ್ಕೊಳ್ಳೋಕೆ ಅಮ್ಮನ್ನ ನಿಲ್ಸಿ, ಸಾಲುಸಾಲಾಗಿ ಸವರಿ ನೆಟ್ಟಗೆ ಮಾಡೋಕೆ ಒಂದು ಗಂಟೆ ಹಿಡೀತು. ಕೂಲರ್ ತೆಗೆಯೋ ಮುಂಚೆ ಸಿಸ್ಟಮ್ ಆನ್ ಮಾಡಿ ಸ್ವಲ್ಪ ಬಿಸಿ ಮಾಡಿ, ಆಮೇಲೆ ತಿರುಗಿಸಿ ತಿರುಗಿಸಿ ಬಿಡಿಸ್ಬೇಕು ಅಂತ ಆಮೇಲೆ ಯಾರೋ ಹೇಳಿದ್ರು. ಎಎಂ5ದಲ್ಲಿ ಪ್ರಾಸೆಸರನ್ನ ಕ್ಲಾಂಪ್ ಹಿಡ್ಕೊಂಡಿರತ್ತೆ, ಈ ಥರ ಕಿತ್ಕೊಂಡು ಬರಲ್ಲ. ಪಿನ್ನು ಬೋರ್ಡಲ್ಲಿರತ್ತೆ, ಅದನ್ನ ಬಗ್ಗಿಸ್ಕೊಂಡ್ರೆ ಅದು ಬೇರೆ ಗೋಳು.

ಇನ್ನೊಂದು ಭಾವ ಮರ್ತೇಬಿಟ್ಟಿದಾರೆ. 5600ರಲ್ಲಿ ಪರದೆಗೆ ಚಿತ್ರ ಕೊಡೋ ಡಿಸ್‌ಪ್ಲೇ ಭಾಗಾನೇ ಇಲ್ಲ, ಬೋರ್ಡಿನ ಎಚ್‌ಡಿಎಂಐ ಇದ್ದೂ ಇಲ್ಲದಂಗೆ. ಎಲ್ಲ ಆ ಹಳೇ 1050 ಟಿಐ ಮೇಲೆ ನಿಂತಿದೆ. ಅದು 20ನೇ ತಾರೀಕು, ಅಕ್ಕ ಜಿಎಸ್‌ಟಿ 3ಬಿ ರಿಟರ್ನ್ ಫೈಲ್ ಮಾಡೋ ದಿನ ಪ್ರಾಣ ಬಿಟ್ರೆ? ಎಎಂ5ದ ರೈಜನ್ 5 7600ರಲ್ಲಿ ಚಿಕ್ಕದಾದ್ರೂ ಗ್ರಾಫಿಕ್ಸ್ ಒಳಗೇ ಇದೆ, ಗೇಮ್ ಆಡೋಕಾಗಲ್ಲ, ಆದ್ರೆ ವೈರ್ ಬೋರ್ಡಿಗೆ ಚುಚ್ಚಿದ್ರೆ ಟ್ಯಾಲಿ ಓಡತ್ತೆ. ಅದೂ ಆರು ಕೋರು, ಅದೂ 65 ವ್ಯಾಟು, ಕೂಲರ್ ಅದ್ರ ಡಬ್ಬದಲ್ಲೂ ಬರತ್ತೆ. 5600ಜಿಯಲ್ಲೂ ಡಿಸ್‌ಪ್ಲೇ ಇದೆಯಲ್ಲ ಅಂತ ಕೇಳ್ಬೋದು, ಇದೆ, ಆದ್ರೆ ಕ್ಯಾಶ್ (ಪ್ರಾಸೆಸರ್ ಒಳಗಿನ ಚುರುಕು ಮೆಮೊರಿ) ಅರ್ಧಕ್ಕರ್ಧ, 32 ಎಂಬಿ ಬದಲು 16.

ಎಎಂ5ದಲ್ಲಿ ಕಿರಿಕಿರಿ ಇಲ್ಲ ಅಂತಲ್ಲ. ಫ್ರೆಂಡಿಗೆ ಒಂದು ಜೋಡಿಸ್ಕೊಟ್ಟೆ, ಮೊದಲ್ನೇ ಸಲ ಆನ್ ಮಾಡಿದ್ರೆ ಫ್ಯಾನ್ ತಿರುಗ್ತಿದೆ, ಪರದೆ ಕಪ್ಪು, ಬೋರ್ಡ್ ಮೇಲೆ ಒಂದು ಕಿತ್ತಳೆ ಲೈಟು. ಒಂದು ನಿಮಿಷ, ಎರಡು ನಿಮಿಷ, ಏನೂ ಇಲ್ಲ. ಅವ್ನು ಪಕ್ಕದಲ್ಲಿ ನಿಂತು ಬಿಲ್ ಹುಡುಕ್ತಿದ್ದ. ನಾನು ಸ್ವಿಚ್ ಮೇಲೆ ಕೈ ಇಟ್ಟಾಗಿತ್ತು, ಅಷ್ಟರಲ್ಲಿ ಬಯಾಸ್ ಬಂತು. ಹೊಸ ರ‍್ಯಾಮನ್ನ ಅದು ಮೊದ್ಲು ಪರೀಕ್ಷೆ ಮಾಡ್ಕೊಂಡು ಹೊಂದಿಸ್ಕೊಳ್ಳತ್ತಂತೆ, ಅದಕ್ಕೆ ಅಷ್ಟು ಹೊತ್ತು.

ಇನ್ನು ರ‍್ಯಾಮ್ ಖರ್ಚು. ನನ್ನ ಹತ್ರ 16 ಜಿಬಿಯ ಒಂದು ಡಿಡಿಆರ್5 ಸ್ಟಿಕ್ ಖಾಲಿ ಇದೆ, ತಗೊಳ್ಲಿ. ಒಂದೇ ಸ್ಟಿಕ್ ಅಂದ್ರೆ ಸ್ಪೀಡು ಸ್ವಲ್ಪ ಕಮ್ಮಿ, ರೇಟ್ ಇಳಿದಾಗ ಜೊತೆ ಮಾಡಿದ್ರಾಯ್ತು. ಇದನ್ನ ಭಾವನಿಗೆ ಇನ್ನೂ ಹೇಳಿಲ್ಲ. ಅಕ್ಕಂಗೆ ಹೇಳಿದೀನಿ, ಭಾನುವಾರ ಎಸ್‌ಪಿ ರೋಡಿಗೆ ಅವಳೇ ಬರ್ತಾಳಂತೆ, ಎಟಿಎಂ ಕಾರ್ಡೂ ಅವಳ ಹತ್ರಾನೇ ಇದೆ.