ಬರೀ ಡಿಸೈನ್ ತಾನೇ, ವಾಟ್ಸಾಪ್ ಮಾಡಿಬಿಡಿ

ಇವತ್ತು ಮಧ್ಯಾಹ್ನ ನಮ್ಮ ಪ್ರಿಂಟಿಂಗ್ ಪ್ರೆಸ್‌ಗೆ ಒಬ್ಬರು ಮಗಳ ಮದುವೆ ಕಾರ್ಡ್ ಮಾಡಿಸಲು ಬಂದಿದ್ದರು. ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಕೂತರು. ಸುಖಾಗಮನ ಬಯಸುವವರ ಪಟ್ಟಿಯಲ್ಲಿ ದೊಡ್ಡಪ್ಪನ ಹೆಸರು ಮೇಲೆ, ಇಲ್ಲ ಕೆಳಗೆ, ಸೋದರಮಾವನದ್ದು ಬೇರೆ ಸಾಲಿಗೆ ಅಂತ ಪ್ರೂಫ್ ತಿದ್ದಿಸುತ್ತಲೇ ಇದ್ದರು. ತಾರೀಖಿಗೂ ವಾರಕ್ಕೂ ತಾಳೆ ಇರಲಿಲ್ಲ, ಅದನ್ನು ಹಿಡಿದವನೂ ನಾನೇ. ಎಲ್ಲ ಮುಗಿದ ಮೇಲೆ, "ಚೆನ್ನಾಗಿದೆ ಸಾರ್, ಇದನ್ನೇ ವಾಟ್ಸಾಪ್ ಮಾಡಿಬಿಡಿ. ದೇವರ ಮುಂದೆ ಇಡೋಕೆ ಒಂದು ಕಲರ್ ಜೆರಾಕ್ಸ್ ಸಾಕು" ಎಂದರು. 500 ರೂಪಾಯಿ ಕೇಳಿದೆ.

"ಬರೀ ಡಿಸೈನ್‌ಗಾ?"

ಹೌದು ಸ್ವಾಮಿ, ಬರೀ ಡಿಸೈನ್‌ಗೆ.

"ಏನಪ್ಪಾ, ಪ್ರೆಸ್‌ಗೆ ಗಿರಾಕಿ ಇಲ್ವಂತೆ" ಅಂತ ಮರುಕ ತೋರಿಸುವ ಗೆಳೆಯರಿಗೆ ಹೇಳ್ತೀನಿ, ಗಿರಾಕಿಗೆ ಏನೂ ಬರ ಇಲ್ಲ. ಗೃಹಪ್ರವೇಶ, ನಾಮಕರಣ, ತಿಥಿ ಕಾರ್ಡ್, ಶ್ರದ್ಧಾಂಜಲಿ, ಎಲ್ಲದಕ್ಕೂ ಜನ ಬರುತ್ತಾರೆ. ನನ್ನ ಪಕ್ಕದ ಆ ಕುರ್ಚಿ ಖಾಲಿ ಇರೋದೇ ಕಡಿಮೆ. ಖಾಲಿ ಇರೋದು ಗಲ್ಲಾ ಪೆಟ್ಟಿಗೆ.

ಅಪ್ಪನ ಟ್ರೆಡಲ್ ಅನ್ನೋ ಹಳೇ ಅಚ್ಚಿನ ಮೆಷಿನ್ ನೀವೆಲ್ಲ ನೋಡಿದ್ದೀರಿ. ಒಂದೊಂದೇ ಅಕ್ಷರದ ಅಚ್ಚುಮೊಳೆ ಜೋಡಿಸುತ್ತಿದ್ದ ಕಾಲದಲ್ಲಿ ಆ ಕೂಲಿ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಐನೂರು ಕಾರ್ಡಿನ ರೇಟಿನೊಳಗೇ ಸೇರಿಹೋಗಿರುತ್ತಿತ್ತು. ಆಫ್‌ಸೆಟ್ ಬಂದಾಗಲೂ ಅದೇ ಲೆಕ್ಕ. ಬೆಂಗಳೂರಿನ ಸುಲ್ತಾನಪೇಟೆಯಿಂದ ಖಾಲಿ ಕಾರ್ಡ್ ತಂದು, ಹೆಸರು ಅಚ್ಚು ಹಾಕಿ ಕೊಟ್ಟರೆ ಕಾರ್ಡಿನ ಮೇಲಿನ ಲಾಭದಲ್ಲಿ ಡಿಸೈನ್ ಕೂಲಿ ಹುಟ್ಟುತ್ತಿತ್ತು. ಈಗ ಕಾರ್ಡೇ ಇಲ್ಲ. ತಲೆ ಓಡಿಸುವ ಕೆಲಸ ಮಾತ್ರ ಉಳಿದಿದೆ, ಅದು ಪುಕ್ಕಟೆ ಅಂತ ಊರೆಲ್ಲ ನಂಬಿದೆ.

"ಮುಂಚೇನೇ ಡಿಸೈನ್‌ಗೆ ಅಡ್ವಾನ್ಸ್ ತಗೋ" ಅನ್ನೋರಿದ್ದಾರೆ. ತಗೋಬಹುದು. ಎದುರು ಸಾಲಿನವನು ಫ್ರೀ ಮಾಡಿಕೊಡುತ್ತಾನೆ, ಅಷ್ಟೇ. "ಇನ್‌ಸ್ಟಾಗ್ರಾಂ ಪೇಜ್ ಮಾಡು, ರೀಲ್ಸ್ ಹಾಕು" ಅನ್ನೋರೂ ಇದ್ದಾರೆ. ಹಾಕಿದ್ದೆ. ಲೈಕ್ ಬಂತು. ಜೊತೆಗೆ "ಬ್ರೋ, ಈ ಫೈಲ್ ಸಿಗುತ್ತಾ?" ಅನ್ನೋ ಮೆಸೇಜ್ ಬಂತು. ಇನ್ನು ಮೊಬೈಲ್ ಆ್ಯಪಲ್ಲಿ ತಾವೇ ಮಾಡಿಕೊಳ್ಳುವವರು ಕೊನೆಗೆ ಒತ್ತಕ್ಷರ ಕಿತ್ತುಹೋದ ಫೈಲ್ ಹಿಡಿದು ನನ್ನ ಹತ್ತಿರವೇ ಬರುತ್ತಾರೆ. ಸುಮ್ನೆ ಸ್ವಲ್ಪ ಸರಿ ಮಾಡಿಕೊಡಬೇಕಂತೆ.

ನಿಜವಾಗಿ ಗಿರಾಕಿ ಸಿಗೋದು ಹೇಗೆ ಗೊತ್ತಾ? ಬಿಲ್ ಬುಕ್ಕಿನ ನಂಬರಿನಿಂದ. ಯಾರಿಗೆ ಎಷ್ಟನೇ ನಂಬರಿನವರೆಗೆ ಹಾಕಿಕೊಟ್ಟಿದ್ದೇನೆ ಅಂತ ನನ್ನ ಹತ್ತಿರ ಬರೆದಿಟ್ಟಿದೆ. ಅವರ ಅಂಗಡಿಯಲ್ಲಿ ಸೋಪು ಕೊಳ್ಳುವಾಗ ನನಗೆ ಹರಿದುಕೊಟ್ಟ ಬಿಲ್ಲಿನ ನಂಬರ್ ನೋಡುತ್ತೇನೆ. ಮುಗಿಯೋಕೆ ಬಂದಿದ್ದರೆ ಅಲ್ಲೇ ಆರ್ಡರ್. ಯಾವ ಮಾರ್ಕೆಟಿಂಗ್ ಗುರುವೂ ಇದನ್ನು ಹೇಳಿಕೊಡಲ್ಲ. 2017ರ ಜುಲೈನಲ್ಲಿ ಜಿಎಸ್‌ಟಿ ಬಂದಾಗ ವ್ಯಾಟ್ ತೆರಿಗೆ ಕಾಲದ ಟಿನ್ ನಂಬರ್ ಇದ್ದ ಹಳೇ ಬುಕ್ಕುಗಳೆಲ್ಲ ಮೂಲೆಗೆ ಬಿದ್ದವು. ನಮ್ಮ ತಿಪಟೂರಿನ ಕೊಬ್ಬರಿ ಮಂಡಿಯಿಂದ ಹಿಡಿದು ಹಾರ್ಡ್‌ವೇರ್ ಅಂಗಡಿವರೆಗೂ ಹೊಸದು ಬೇಕಾಯಿತು. ದೇಶವೆಲ್ಲ ಬೈಯುತ್ತಿತ್ತು, ನಾನು ರಾತ್ರಿಯೆಲ್ಲ ಮೆಷಿನ್ ಓಡಿಸುತ್ತಿದ್ದೆ.

ಇನ್ನೊಂದು ಹೇಳಿಬಿಡ್ತೀನಿ, ಬೈಕೊಳ್ಳಬೇಡಿ. ಊರಲ್ಲಿ ಅಣ್ಣ ತಮ್ಮ ಜಗಳವಾಡಿ ಅಂಗಡಿ ಪಾಲಾಯಿತು ಅಂದರೆ ನನಗೆ ಒಳಗೊಳಗೇ ಖುಷಿ. ಒಂದಿದ್ದ ಬಿಲ್ ಬುಕ್ ಎರಡಾಗುತ್ತೆ, ಎರಡು ವಿಸಿಟಿಂಗ್ ಕಾರ್ಡ್, ಎರಡು ಉದ್ಘಾಟನೆ ಕರಪತ್ರ. ಅವರಮ್ಮ ಅಳುತ್ತಿದ್ದರೆ ನಾನು ಪೇಪರ್ ಲೆಕ್ಕ ಹಾಕುತ್ತಿರುತ್ತೇನೆ. ವ್ಯಾಪಾರ ಮಂದ ಆದರೆ ಮನುಷ್ಯ ಹೀಗೂ ಆಗ್ತಾನೆ.

ಪೇಪರ್ ಅಂದೆ ನೋಡಿ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಇಳಿಯಿತು ಅಂತ ಎಲ್ಲ ಹಬ್ಬ ಮಾಡಿದರು. ನಾವು ಅಚ್ಚು ಹಾಕುವ ಪೇಪರ್ ಮಾತ್ರ ಶೇ. 12ರಿಂದ 18ಕ್ಕೆ ಹತ್ತಿತು. ನೋಟ್‌ಬುಕ್ಕಿಗೆ ಸೊನ್ನೆ ಮಾಡಿದರು, ಮಕ್ಕಳಿಗೆ ಒಳ್ಳೇದಾಯ್ತು, ಸಂತೋಷ. ಚುನಾವಣೆಯಾದರೂ ಕೈ ಹಿಡಿಯುತ್ತೆ ಅಂದುಕೊಂಡರೆ, 2016ರಲ್ಲಿ ಗೆದ್ದಿದ್ದ ಜಿಲ್ಲಾ, ತಾಲ್ಲೂಕು ಪಂಚಾಯಿತಿ ಸದಸ್ಯರ ಅವಧಿ 2021ಕ್ಕೇ ಮುಗಿದು, ಆಮೇಲಿನ ಚುನಾವಣೆ ಮುಂದೆ ಹೋಗುತ್ತಲೇ ಇತ್ತು. ಪ್ರಜಾಪ್ರಭುತ್ವದ ಕಥೆ ದೊಡ್ಡವರು ನೋಡಿಕೊಳ್ಳಲಿ. ನನ್ನ ಕರಪತ್ರದ ಸೀಸನ್ ಹೋಯಿತಲ್ಲ! ಆ ಕೆಲಸದಲ್ಲಿ ಒಂದು ನೆಮ್ಮದಿ ಇದೆ. ಪ್ರಿಂಟರ್ ಹೆಸರು, ವಿಳಾಸ ಹಾಕಲೇಬೇಕು ಅಂತ ಕಾನೂನಿದೆ, ಹಾಗಾಗಿ ಅಂಗಡಿ ಹೆಸರು ಊರೂರಿಗೆ ಹೋಗುತ್ತೆ. ದುಡ್ಡು ಮಾತ್ರ ಮತ ಎಣಿಕೆಗೆ ಮುಂಚೆ ಇಸ್ಕೋಬೇಕು. ಸೋತವನ ಮನೆ ಬಾಗಿಲಿಗೆ ಹೋಗಿ ಬಾಕಿ ಕೇಳೋಕಾಗುತ್ತಾ?

ಮದುವೆ ಕಾರ್ಡಿನವರು ಕೊನೆಗೆ 200 ಕೊಟ್ಟು, "ಮದುವೆಗೆ ತಪ್ಪದೇ ಬನ್ನಿ, ವಾಟ್ಸಾಪಲ್ಲಿ ಕಳಿಸ್ತೀನಿ" ಎಂದು ಹೋದರು. ನನ್ನದೇ ಫೈಲು!

ನಾಳೆಯಿಂದ ಪ್ರೂಫ್ ಮೇಲೆ ಅಡ್ಡಡ್ಡ ಅಂಗಡಿ ಹೆಸರು ಹಾಕಿಯೇ ತೋರಿಸೋದು. ಕ್ಲೀನ್ ಫೈಲ್ ಬೇಕಾದರೆ 500. ಇದನ್ನು ಓದುತ್ತಿರುವ ನೆಂಟರಿಗೂ ಅದೇ ರೇಟು. "ಆನ್‌ಲೈನ್ ಹೋಗಿ ಸಾರ್" ಅಂತ ಬುದ್ಧಿ ಹೇಳೋರು ಮೊದಲು ಹಳೇ ಬಾಕಿ ಆನ್‌ಲೈನಲ್ಲೇ ಕಳಿಸಿ. ಕ್ಯೂಆರ್ ಕೋಡ್ ಅಂಗಡಿ ಬಾಗಿಲಲ್ಲೇ ಅಂಟಿಸಿದೆ.