ಅಸ್ಪಷ್ಟ ಕಾನೂನಿನ ವಾದ ಬಳ್ಳಾರಿಯಲ್ಲೇ ಏಳಬೇಕು

ರಾತ್ರಿ ಹೊತ್ತು 'ಅನುಮಾನಾಸ್ಪದವಾಗಿ' ಸಿಕ್ಕವರ ಮೇಲೆ ನಮ್ಮ ಬಳ್ಳಾರಿ ಕಡೆ ಠಾಣೆಗಳಲ್ಲಿ ಹಾಕುವುದು ಕರ್ನಾಟಕ ಪೊಲೀಸ್ ಕಾಯ್ದೆ, 1963ರ 96ನೇ ಕಲಂ. ಅದರ ಕೆಲವು ಉಪಕಲಂಗಳು ಸಮಾಧಾನಕರ ಕಾರಣ ಕೊಡಿ ಎನ್ನುತ್ತವೆ. ಯಾರಿಗೆ ಸಮಾಧಾನವಾಗಬೇಕು, ಎಷ್ಟಕ್ಕೆ ಆಗುತ್ತದೆ?

ನಾನಿರುವ ಫ್ಲಾರಿಡಾದ ಜಾಕ್ಸನ್‌ವಿಲ್ ನಗರದಲ್ಲಿ ಸುಮ್ಮನೆ ಅಲೆಯುವುದನ್ನೂ ಅಪರಾಧವೆನ್ನುವ ಕಾನೂನಿತ್ತು. ಪಾಪಾಕ್ರಿಸ್ಟೌ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 1972ರಲ್ಲಿ ಅದನ್ನು ರದ್ದುಮಾಡಿತು. ಯಾವುದು ತಪ್ಪೆಂದು ಜನರಿಗೆ ಮೊದಲೇ ತಿಳಿಯುವುದಿಲ್ಲ, ಯಾರನ್ನು ಹಿಡಿಯಬೇಕೆಂಬುದು ಪೊಲೀಸರ ಮರ್ಜಿಗೆ ಬಿಟ್ಟಂತಾಗುತ್ತದೆ ಎಂಬ ಎರಡು ಕಾರಣ ಕೊಟ್ಟಿತು.

ಅಸ್ಪಷ್ಟವಾದ ಕಾನೂನು ಅಸಿಂಧು ಎಂಬ ಈ ವಾದ ಭಾರತದಲ್ಲಿ ನಡೆಯದು ಎನ್ನುವವರು ನಮ್ಮ ಸುಪ್ರೀಂ ಕೋರ್ಟಿನ 1960ರ ಬಲದೇವ ಪ್ರಸಾದ್ ತೀರ್ಪು ಓದಬೇಕು. 'ಗೂಂಡಾ' ಯಾರೆಂದು ಸರಿಯಾಗಿ ಹೇಳದ ಮಧ್ಯಪ್ರಾಂತದ ಕಾಯ್ದೆ ಅಲ್ಲಿ ಬಿದ್ದುಹೋಯಿತು. 2015ರಲ್ಲಿ ಶ್ರೇಯಾ ಸಿಂಘಲ್ ಪ್ರಕರಣದಲ್ಲಿ ಆನ್‌ಲೈನ್‌ನಲ್ಲಿ ಕಿರಿಕಿರಿ ಮಾಡುವ ಸಂದೇಶವನ್ನೂ ಅಪರಾಧವೆನ್ನುತ್ತಿದ್ದ ಐಟಿ ಕಾಯ್ದೆಯ 66ಎ ಕಲಂ ಹೋಯಿತು. ಆದರೆ ನಮ್ಮ ನ್ಯಾಯಾಲಯಗಳು ಮೊದಲು ಕಲಂ ಉಳಿಸಲು ನೋಡುತ್ತವೆ. 1994ರ ಕರ್ತಾರ್ ಸಿಂಗ್ ತೀರ್ಪಿನಲ್ಲಿ ಭಯೋತ್ಪಾದನೆ ತಡೆಯಲು ತಂದಿದ್ದ ಟಾಡಾ ಕಾಯ್ದೆಯ 'ಕುಮ್ಮಕ್ಕು' ವ್ಯಾಖ್ಯೆಯನ್ನು ರದ್ದುಮಾಡಲಿಲ್ಲ. ಆರೋಪಿಗೆ ವಿಷಯ ಗೊತ್ತಿರಬೇಕು ಎಂಬ ಅರ್ಥವನ್ನು ಸೇರಿಸಿ ಓದಲಾಯಿತು.

ದೊಡ್ಡ ವ್ಯತ್ಯಾಸ ವಾದ ಎಲ್ಲಿ ಏಳುತ್ತದೆ ಎಂಬುದರಲ್ಲಿದೆ. ಅಮೆರಿಕದಲ್ಲಿ ವಿಚಾರಣಾ ನ್ಯಾಯಾಧೀಶರೇ ಕಾನೂನು ಅಸ್ಪಷ್ಟವೆಂದು ಕೇಸು ವಜಾ ಮಾಡಬಹುದು. ಬಳ್ಳಾರಿಯ ಮ್ಯಾಜಿಸ್ಟ್ರೇಟರಿಗೆ ಆ ಅಧಿಕಾರವಿಲ್ಲ. ಕಾನೂನನ್ನೇ ಪ್ರಶ್ನಿಸಿ ಸಂವಿಧಾನದ 226ನೇ ವಿಧಿಯಡಿ ರಿಟ್ ಅರ್ಜಿ ಹಾಕಲು ಬಳ್ಳಾರಿ, ಕೊಪ್ಪಳದವರು ಹೈಕೋರ್ಟಿನ ಧಾರವಾಡ ಪೀಠಕ್ಕೆ, ರಾಯಚೂರಿನವರು ಕಲಬುರಗಿ ಪೀಠಕ್ಕೆ ಹೋಗಬೇಕು. ದಿನಗೂಲಿಯವರು ಹೋಗುವುದಿಲ್ಲ, ತಪ್ಪೊಪ್ಪಿಕೊಂಡು ದಂಡ ಕಟ್ಟಿಬಿಡುತ್ತಾರೆ. ಕೇಸು ಕೆಡುವುದೇ ಇಲ್ಲಿ. ಒಪ್ಪಿಕೊಂಡ ಮೇಲೆ ಸಾಮಾನ್ಯವಾಗಿ ಶಿಕ್ಷೆಯ ಪ್ರಮಾಣ ಇಲ್ಲವೇ ಅದರ ಕಾನೂನುಬದ್ಧತೆ ಬಿಟ್ಟು ಬೇರೆ ಯಾವುದಕ್ಕೂ ಮೇಲ್ಮನವಿ ಉಳಿಯುವುದಿಲ್ಲ.

ಊರಿನ ಕೋರ್ಟಿನಲ್ಲೇ ಮಾಡಬಹುದಾದದ್ದು ಎರಡು. ದಂಡನೆಯ ಕಲಮಿಗೆ ಎರಡು ಸಮಂಜಸ ಅರ್ಥ ಹೊರಟರೆ ಆರೋಪಿಗೆ ಅನುಕೂಲವಾದುದನ್ನೇ ಹಿಡಿಯಬೇಕೆಂದು 1954ರ ತೋಲಾರಾಮ್ ತೀರ್ಪು ಹೇಳುತ್ತದೆ. ಅದನ್ನು ಮ್ಯಾಜಿಸ್ಟ್ರೇಟರ ಮುಂದೆಯೇ ಎತ್ತಬಹುದು. ಇನ್ನೊಂದು, ಈಗಿನ ಕ್ರಿಮಿನಲ್ ಪ್ರಕ್ರಿಯೆಯ ಕಾಯ್ದೆಯಾದ ಬಿಎನ್‌ಎಸ್‌ಎಸ್‌ನ 436ನೇ ಕಲಂ, ಅಂದರೆ ಹಳೆಯ ಸಿಆರ್‌ಪಿಸಿ 395. ಕಲಂ ಅಸಿಂಧುವೆಂದು ನ್ಯಾಯಾಲಯಕ್ಕೆ ಅನಿಸಿದರೆ, ಕೇಸು ತೀರಲು ಆ ಪ್ರಶ್ನೆ ಬಗೆಹರಿಯಲೇಬೇಕಿದ್ದರೆ, ಹಾಗೆಂದು ಮೇಲಿನ ಕೋರ್ಟುಗಳು ಇನ್ನೂ ಘೋಷಿಸಿರದಿದ್ದರೆ, ಕಾರಣ ಬರೆದು ಹೈಕೋರ್ಟಿಗೆ ಕಳಿಸಬೇಕು. ಬಡವನ ಪರವಾಗಿ ಕಡತವೇ ಧಾರವಾಡಕ್ಕೆ ಹೋಗುವ ಈ ದಾರಿಯನ್ನು ವಕೀಲರು ಪಟ್ಟು ಹಿಡಿದು ಕೇಳಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಅರ್ಜಿಯಲ್ಲಿ 'ನನಗೆ ಕಾನೂನು ಗೊತ್ತಿರಲಿಲ್ಲ' ಎಂದು ಬರೆದರೆ ಅಲ್ಲಿಗೇ ಮುಗಿಯಿತು. ಕಲಮಿನ ಯಾವ ಪದ ಅಸ್ಪಷ್ಟ, ಅದೇ ಪದಕ್ಕೆ ನಿರಪರಾಧಿ ನಡವಳಿಕೆ ಯಾವುದೆಲ್ಲ ಸಿಕ್ಕಿಬೀಳುತ್ತದೆ, ತನ್ನ ಕೃತ್ಯ ಅದರ ಅಂಚಿನಲ್ಲಿ ಹೇಗಿದೆ ಎಂಬುದನ್ನು ಪದ ಹಿಡಿದು ತೋರಿಸಬೇಕು. ಕೃತ್ಯ ಕಲಮಿನ ನಟ್ಟನಡುವೆ ಬೀಳುವಂತಿದ್ದರೆ ಎರಡೂ ದೇಶಗಳಲ್ಲಿ ಈ ವಾದ ನಿಲ್ಲುವುದು ಕಷ್ಟ.